ಮೂವರು ದೇವಿಯರು ಮತ್ತು ಸಅದ್‌ರ ಹೆಣ್ಣುಮಕ್ಕಳು

ಇಸ್ಲಾಮಿನಲ್ಲಿ ದೇವಿಯ ಕಲ್ಪನೆಯೇ ಇಲ್ಲ. ಹೀಗಿರುವಾಗ ಅಲ್ಲಿ ಹೆಣ್ಣಿಗೆ ಗೌರವದ ಸ್ಥಾನ ಎಲ್ಲಿಂದ ಬಂದೀತು? ಸಹೋದರ ಸಮುದಾಯದ ಮಿತ್ರರು ಈ ಪ್ರಶ್ನೆಯನ್ನು ಸದುದ್ದೇಶದಿಂದಲೇ ಕೇಳುವುದುಂಟು. ಶಕ್ತಿಯನ್ನು ತಾಯಿಯಾಗಿ ಕಾಣುವ ನಾಡಿನಲ್ಲಿ ಬದುಕುತ್ತಿರುವ ನಾವು ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅನ್ಯರ ಆರಾಧ್ಯರನ್ನು ನಿಂದಿಸಬಾರದೆಂದು ಪವಿತ್ರ ಕುರ್‌ಆನ್ (6:108) ನಮಗೆ ಆಜ್ಞಾಪಿಸಿದೆ. ಆದುದರಿಂದ ಅವರ ನಂಬಿಕೆಯ ವಿಚಾರಣೆಗೆ ಇಲ್ಲಿ ಇಳಿಯುವುದಿಲ್ಲ. ಪ್ರಶ್ನೆಯನ್ನು ಕುರ್‌ಆನ್ ಅವತೀರ್ಣಗೊಂಡ ನೆಲಕ್ಕೇ ಒಯ್ದು ನೋಡೋಣ. ಆ ನೆಲದಲ್ಲಿ ದೇವಿಯರಿಗೆ ಕೊರತೆಯಿರಲಿಲ್ಲ.

ಲಾತ್, ಉಝ್ಝಾ, ಮನಾತ್ ಎಂಬ ಮೂವರು ಅವರಲ್ಲಿ ಪ್ರಮುಖರು. ಇವರ ಆರಾಧನೆ ಬಹಳ ಪ್ರಾಚೀನವಾದುದು. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೋಡೋಟಸ್ ಅರಬರ 'ಅಲಿಲಾತ್' ಎಂಬ ದೇವತೆಯನ್ನು ಉಲ್ಲೇಖಿಸಿದ್ದಾನೆ. ಮದಾಯಿನ್ ಸಾಲಿಹ್‌ನ ಬಂಡೆಗಳಲ್ಲಿ ಕೊರೆದ ಸಮಾಧಿಗಳ ಶಾಸನಗಳು, ಸಮಾಧಿಯನ್ನು ಕೆಡಿಸುವವರ ಮೇಲೆ ಮನಾತಳ ಶಾಪವನ್ನು ಹಾರೈಸುತ್ತವೆ. ಸಿರಿಯಾದ ಪಾಲ್ಮೈರಾದಲ್ಲಿ ಲಾತಳ ದೇಗುಲಕ್ಕೆ ಸೇರಿದ ಬೃಹತ್ ಕಲ್ಲಿನ ಸಿಂಹವೊಂದು 1977ರಲ್ಲಿ ದೊರೆಯಿತು. ಅದರ ಕಾಲುಗಳ ನಡುವೆ ಜಿಂಕೆಯೊಂದು ನಿರ್ಭಯವಾಗಿ ಆಶ್ರಯ ಪಡೆದಿದೆ. 2015ರಲ್ಲಿ ಇಸ್ಲಾಮಿನ ಹೆಸರು ಹೇಳಿಕೊಂಡ ಉಗ್ರರು ಆ ಶಿಲ್ಪವನ್ನು ಹಾಳುಗೆಡವಿದರು. ಆರಾಧಕನೊಬ್ಬನೂ ಉಳಿದಿರದ ಕಲ್ಲನ್ನು ಒಡೆದು ಅವರು ಯಾವ ಏಕದೇವತ್ವವನ್ನು ಸಾಧಿಸಿದರೋ ನಮಗೆ ಅರ್ಥವಾಗದು.

ಹಿಜಾಝ್ ಪ್ರದೇಶದಲ್ಲಿ ಈ ಮೂವರ ನೆಲೆಗಳನ್ನು ಇಬ್ನುಲ್ ಕಲ್ಬಿಯವರ 'ಕಿತಾಬುಲ್ ಅಸ್ನಾಮ್' ವಿವರಿಸುತ್ತದೆ. ತಾಯಿಫ್‌ನಲ್ಲಿ ಚೌಕಾಕಾರದ ಬಂಡೆಯ ರೂಪದಲ್ಲಿದ್ದ ಲಾತ್ ಸಕೀಫ್ ಗೋತ್ರದವರ ದೇವಿ. ಮಕ್ಕಾದ ಸಮೀಪದ ನಖ್ಲಾ ಕಣಿವೆಯಲ್ಲಿದ್ದ ಉಝ್ಝಾಳಿಗೆ ಕುರೈಶರು ಎಲ್ಲರಿಗಿಂತ ಹೆಚ್ಚಿನ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದರು. ಅಬೂಲಹಬನ ನಿಜನಾಮವೇ ಅಬ್ದುಲ್ ಉಝ್ಝಾ, ಅರ್ಥಾತ್ ಉಝ್ಝಾಳ ದಾಸ. ಮಕ್ಕಾ ಮದೀನಾಗಳ ನಡುವೆ ಸಮುದ್ರತೀರದ ಕಡೆಯ ಕುದೈದ್‌ನಲ್ಲಿದ್ದ ಮನಾತಳನ್ನು ಮದೀನಾದ ಔಸ್ ಮತ್ತು ಖಝ್ರಜ್ ಗೋತ್ರಗಳು ಪೂಜಿಸುತ್ತಿದ್ದವು. ಹಜ್ಜ್ ಮುಗಿಸಿದ ಬಳಿಕ ಆಕೆಯ ಸನ್ನಿಧಿಗೆ ಬಂದು ತಲೆ ಬೋಳಿಸಿಕೊಳ್ಳದೆ ತಮ್ಮ ಯಾತ್ರೆ ಪೂರ್ಣವಾಯಿತೆಂದು ಅವರು ಭಾವಿಸುತ್ತಿರಲಿಲ್ಲ.

ಈ ಮೂವರನ್ನೂ ಅವರು ಅಲ್ಲಾಹನ ಪುತ್ರಿಯರೆಂದು ಕರೆಯುತ್ತಿದ್ದರು. ಅದೇ ಜನರ ಪೈಕಿ, ಮನೆಯಲ್ಲಿ ಹೆಣ್ಣುಮಗು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಟ್ಟವರಿದ್ದರು. ಅಪಮಾನವನ್ನು ಸಹಿಸಿ ಅದನ್ನು ಉಳಿಸಿಕೊಳ್ಳುವುದೋ, ಮಣ್ಣಿನಲ್ಲಿ ಹೂಳುವುದೋ ಎಂಬ ಅವರ ತೊಳಲಾಟವನ್ನು ಕುರ್‌ಆನ್ (16:58-59) ದಾಖಲಿಸಿದೆ. ಅನ್ನಜ್ಮ್ ಅಧ್ಯಾಯವು ಮೂವರ ಹೆಸರನ್ನೂ ಎತ್ತಿ, ನಿಮಗೆ ಗಂಡು, ದೇವನಿಗೆ ಹೆಣ್ಣು ಎಂಬ ಈ ಹಂಚಿಕೆ ಅದೆಂತಹ ಅನ್ಯಾಯದ್ದೆಂದು ಪ್ರಶ್ನಿಸುತ್ತದೆ. ತಮಗೆ ಬೇಡವಾದುದನ್ನು ದೇವನ ಪಾಲಿಗೆ ಹಾಕಿದವರ ಭಕ್ತಿಯನ್ನು ಇದಕ್ಕಿಂತ ನೇರವಾಗಿ ಎದುರಿಸುವುದು ಸಾಧ್ಯವಿಲ್ಲ.

ಅರಬರೆಲ್ಲರೂ ಮಕ್ಕಳನ್ನು ಹೂಳುತ್ತಿದ್ದರೆಂದು ಬರೆಯುವುದು ಇತಿಹಾಸಕ್ಕೆ ಬಗೆಯುವ ಅಪಚಾರ. ಸ್ವಂತ ವ್ಯಾಪಾರ ನಡೆಸುತ್ತಿದ್ದ ಖದೀಜಾ(ರ) ಅದೇ ಮಕ್ಕಾದವರು. ಪ್ರವಾದಿತ್ವಕ್ಕೆ ಮುನ್ನವೇ ವಿಗ್ರಹಗಳನ್ನು ತೊರೆದಿದ್ದ ಝೈದ್ ಬಿನ್ ಅಮ್ರ್ ಬಿನ್ ನುಫೈಲ್ ಎಂಬವರು, ಮಗಳನ್ನು ಕೊಲ್ಲಹೊರಟ ತಂದೆಯನ್ನು ತಡೆದು, ಆಕೆಯ ಖರ್ಚನ್ನು ತಾನು ವಹಿಸುವೆನೆಂದು ಮಗುವನ್ನು ಕರೆದೊಯ್ಯುತ್ತಿದ್ದರು. ಇದನ್ನು ನಮಗೆ ತಿಳಿಸಿದವರು ಅಬೂಬಕರ್(ರ)ರ ಮಗಳು ಅಸ್ಮಾ(ರ). ವರದಿ ಸಹೀಹುಲ್ ಬುಖಾರಿಯಲ್ಲಿದೆ.

ಹಾಗಾದರೆ ದೇವಿಯರು ಹೋದೊಡನೆ ಹೆಣ್ಣಿನ ಬವಣೆ ನೀಗಿತೇ? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಹಿಜರಿ 3ನೆಯ ವರ್ಷದ ಉಹುದ್ ಯುದ್ಧದ ಕೊನೆಗೆ ಅಬೂಸುಫ್ಯಾನ್ ಉಝ್ಝಾಳ ಹೆಸರಿನಲ್ಲಿ ಜಯಘೋಷ ಕೂಗಿದರು. ಆಗಿನ್ನೂ ಅವರು ಇಸ್ಲಾಮ್ ಸ್ವೀಕರಿಸಿರಲಿಲ್ಲ. ಅದೇ ರಣಭೂಮಿಯಲ್ಲಿ ಖಝ್ರಜ್ ಗೋತ್ರದ ಸಅದ್ ಬಿನ್ ರಬೀ(ರ) ಹುತಾತ್ಮರಾದರು. ಅವರ ಸೋದರನು ಹಳೆಯ ಪದ್ಧತಿಯಂತೆ ಆಸ್ತಿಯನ್ನೆಲ್ಲ ವಶಪಡಿಸಿಕೊಂಡನು. ಆ ಮನೆಯಿಂದ ಮನಾತ್ ಹೊರಟುಹೋಗಿದ್ದಳು, ರೂಢಿ ಹೋಗಿರಲಿಲ್ಲ. ಸಅದ್‌ರ ಪತ್ನಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ಯವರ ಬಳಿಗೆ ಬಂದು, ಕೈಯಲ್ಲಿ ಏನೂ ಇಲ್ಲದ ಇವರನ್ನು ಮದುವೆ ಮಾಡಿಕೊಡುವುದಾದರೂ ಹೇಗೆಂದು ಕೇಳಿದರು. ಉತ್ತರಾಧಿಕಾರದ ಸೂಕ್ತ (4:11) ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಭಾಗ, ತಾಯಿಗೆ ಎಂಟನೆಯ ಒಂದು ಭಾಗ, ಉಳಿದುದು ಸೋದರನಿಗೆ. 24 ಪಾಲು ಮಾಡಿದರೆ 16 ಮಕ್ಕಳಿಗೆ, 3 ತಾಯಿಗೆ, ಎಲ್ಲವನ್ನೂ ಬಾಚಿಕೊಂಡಿದ್ದವನಿಗೆ ಕೇವಲ 5.

ಇಂದು ನಮ್ಮ ಮನೆಗಳಲ್ಲಿ ಈ ಲೆಕ್ಕ ಏನಾಗಿದೆ? ಮದುವೆಯಲ್ಲಿ ಚಿನ್ನ ಕೊಟ್ಟಾಯಿತಲ್ಲ ಎಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹೋದರಿಯ ಸಹಿ ಪಡೆಯುವುದು ಎಷ್ಟು ಕಡೆ ನಡೆದಿಲ್ಲ? ತವರಿನ ಬಾಗಿಲು ಮುಚ್ಚೀತೆಂಬ ಅಳುಕಿನಿಂದ ಆಕೆ ಸಹಿ ಹಾಕುತ್ತಾಳೆ. ಅದನ್ನು ನಾವು ಸ್ವಇಚ್ಛೆ ಎನ್ನುತ್ತೇವೆ. ಮಗಳಿಗೆ ಮಗನ ಅರ್ಧ ಪಾಲು ಏಕೆಂಬ ಚರ್ಚೆಯಲ್ಲಿ ನಮ್ಮ ವಾಗ್ಮಿಗಳು ಸೊಗಸಾಗಿ ಉತ್ತರಿಸುತ್ತಾರೆ. ಆ ಅರ್ಧವಾದರೂ ಆಕೆಯ ಕೈ ಸೇರಿತೇ ಎಂದು ವಿಚಾರಿಸುವವರು ವಿರಳ.

ಮನಾತಳ ಹೆಸರು ಬುಖಾರಿಯ ಇನ್ನೊಂದು ವರದಿಯಲ್ಲೂ ಬರುತ್ತದೆ. ಸಫಾ ಮರ್ವಾಗಳ ನಡುವೆ ಸಾಗುವುದರಲ್ಲಿ ದೋಷವಿಲ್ಲವೆಂಬ ಸೂಕ್ತವನ್ನು (2:158) ಓದಿದ ಅಸ್ಮಾ(ರ)ರ ಮಗ ಉರ್ವಾ, ಹಾಗೆ ಸಾಗದಿದ್ದರೂ ನಡೆದೀತೆಂದು ತೀರ್ಮಾನಿಸಿದರು. ಚಿಕ್ಕಮ್ಮ ಆಯಿಶಾ(ರ) ಅವರನ್ನು ತಿದ್ದಿದರು. ನೀನು ಹೇಳುವುದೇ ಅರ್ಥವಾಗಿದ್ದರೆ ಸೂಕ್ತದ ಪದರಚನೆಯೇ ಬೇರೆಯಾಗಿರುತ್ತಿತ್ತು ಎಂದರು. ಹಿಂದೆ ಮನಾತಳ ಹೆಸರಿನಲ್ಲಿ ಇಹ್ರಾಮ್ ಧರಿಸುತ್ತಿದ್ದ ಅನ್ಸಾರರಿಗೆ ಸಫಾ ಮರ್ವಾಗಳ ನಡುವೆ ಸಾಗಲು ಸಂಕೋಚವಿತ್ತು. ಅವರ ಸಂಕೋಚ ನೀಗಿಸಲು ಈ ಸೂಕ್ತ ಬಂದಿತೆಂದು ವಿವರಿಸಿದರು. ವ್ಯಾಕರಣ, ಅವತರಣ ಸಂದರ್ಭ, ಕರ್ಮಶಾಸ್ತ್ರ ಮೂರನ್ನೂ ಒಂದೇ ಉತ್ತರದಲ್ಲಿ ಕಲಿಸಿದ ಆ ಪಾಠವನ್ನು ಮದ್ರಸಗಳಲ್ಲಿ ಇಂದಿಗೂ ಓದಿಸುತ್ತೇವೆ. ಅವರಿಂದ ಕಲಿತ ಉರ್ವಾ ಮುಂದೆ ಮದೀನಾದ ಹಿರಿಯ ವಿದ್ವಾಂಸರಲ್ಲಿ ಒಬ್ಬರಾದರು.

ಅನ್ಸಾರರು ಸಂಕೋಚಪಟ್ಟ ಆ ದಾರಿ ಹಾಜಿರಾ(ಅ) ನಡೆದ ದಾರಿ. ದಾಸಿಯಾಗಿದ್ದ ಆ ತಾಯಿ, ನೀರಿಲ್ಲದ ಕಣಿವೆಯಲ್ಲಿ ಹಸುಗೂಸಿಗಾಗಿ ಏಳು ಬಾರಿ ಅಲ್ಲಿ ಅಲೆದರು. ಎರಡು ಗುಡ್ಡಗಳ ಅಂತರ ಸುಮಾರು 450 ಮೀಟರ್. ಏಳು ಬಾರಿ ಸಾಗಿದರೆ ಮೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಹಜ್ಜ್ ಮತ್ತು ಉಮ್ರಾಕ್ಕೆ ಹೋದ ವಿದ್ವಾಂಸ, ಅರಸ, ಕೂಲಿ ಯಾರೇ ಆಗಲಿ ಅಷ್ಟು ದೂರ ಸಾಗಲೇಬೇಕು. ನಡುವೆ ಹಸಿರು ದೀಪಗಳಿಂದ ಗುರುತಿಸಿದ ಭಾಗವೊಂದಿದೆ. ಕಣಿವೆಯ ತಗ್ಗಿನಲ್ಲಿ ಹಾಜಿರಾ(ಅ) ಉಡುಪಿನ ಅಂಚನ್ನು ಎತ್ತಿಕೊಂಡು ಓಡಿದ ಜಾಗವದು. ಇಂದು ಅಲ್ಲಿ ಓಡಬೇಕಾದವರು ಪುರುಷರು. ಸ್ತ್ರೀಯರು ನಡೆದರೆ ಸಾಕು.