ಬಂದವರು ಹೋದರು, ಕಟ್ಟಿದ್ದು ಉಳಿಯಿತು: ಅಲ್ ಐನ್ ಫುಟ್ಬಾಲ್ ಕ್ಲಬ್‌ನ ಕಥೆ

ಅರಬಿ ಅಕ್ಷರಮಾಲೆಯ ‘ಐನ್’ ನಮ್ಮ ಮದರಸದ ಮಕ್ಕಳಿಗೂ ಗೊತ್ತು. ಅದೇ ಪದಕ್ಕೆ ಕಣ್ಣು ಎಂಬ ಅರ್ಥವಿದೆ, ನೀರಿನ ಚಿಲುಮೆ ಎಂಬ ಅರ್ಥವೂ ಇದೆ. ಯುಎಇಯ ಅಲ್ ಐನ್ ಪಟ್ಟಣಕ್ಕೆ ಹೆಸರು ಬಂದಿರುವುದು ಈ ಎರಡನೆಯ ಅರ್ಥದಿಂದ. ಅಬೂಧಾಬಿಯಿಂದ ಸುಮಾರು 160 ಕಿಲೋಮೀಟರ್ ಪೂರ್ವಕ್ಕೆ, ಒಮಾನಿನ ಗಡಿಗೆ ತಾಗಿಕೊಂಡಿರುವ ಊರು ಇದು. ಸಮುದ್ರವಿಲ್ಲ, ಬಂದರಿಲ್ಲ. ಮರಳುಗಾಡಿನ ನಡುವೆ ಖರ್ಜೂರದ ತೋಟಗಳಿವೆ, ಪಕ್ಕದಲ್ಲಿ ಜಬಲ್ ಹಫೀತ್ ಬೆಟ್ಟವಿದೆ. ದೂರದ ನೆಲದಡಿಯ ನೀರನ್ನು ಕಾಲುವೆಗಳ ಮೂಲಕ ತೋಟಕ್ಕೆ ತರುವ ಪದ್ಧತಿಗೆ ಅಲ್ಲಿ ‘ಫಲಜ್’ ಎನ್ನುತ್ತಾರೆ. ಬೀದರ್‌ನಲ್ಲಿ ಬಹಮನಿಗಳ ಕಾಲದ ಕರೇಜ್ ನೋಡಿದವರಿಗೆ ಇದರ ಬಗೆ ಬೇಗ ಅರ್ಥವಾದೀತು. 2011ರಲ್ಲಿ ಯುನೆಸ್ಕೊ ಅಲ್ ಐನ್‌ನ ಪ್ರಾಚೀನ ತಾಣಗಳನ್ನೂ ತೋಟಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದುಬೈ, ಶಾರ್ಜಾ, ಅಬೂಧಾಬಿಗಳ ಹೆಸರು ಕೇಳಿದಷ್ಟು ಸಲ ಈ ಊರಿನ ಹೆಸರನ್ನು ನಾವು ಕೇಳಿರಲಿಕ್ಕಿಲ್ಲ. ಆದರೆ ಏಷ್ಯಾದ ಫುಟ್ಬಾಲ್ ಚರಿತ್ರೆಯಲ್ಲಿ ಆ ಮೂರು ನಗರಗಳ ಯಾವ ಕ್ಲಬ್ಬೂ ಗಳಿಸದ ಕಿರೀಟವನ್ನು ಅಲ್ ಐನ್ ಎರಡು ಸಲ ಗಳಿಸಿದೆ. ಆ ಕಿರೀಟ ಹೇಗೆ ಬಂತು, ಯಾರ ಕೈಯಿಂದ ಬಂತು, ಬಂದ ಮೇಲೆ ಏನಾಯಿತು ಎಂಬುದರಲ್ಲಿ ಗಲ್ಫ್‌ನ ದುಡಿಮೆಯ ಮೇಲೆ ಬದುಕು ಕಟ್ಟಿಕೊಂಡ ನಮ್ಮಂತಹ ಕುಟುಂಬಗಳು ಗಮನಿಸಬೇಕಾದ ಸಂಗತಿಗಳಿವೆ.

ದೇಶಕ್ಕಿಂತ ಹಿರಿಯ ಕ್ಲಬ್

ಯುಎಇ ಎಂಬ ದೇಶ ಹುಟ್ಟಿದ್ದು 1971ರ ಡಿಸೆಂಬರ್ 2ರಂದು. ಅಲ್ ಐನ್ ಕ್ಲಬ್ ಹುಟ್ಟಿದ್ದು 1968ರಲ್ಲಿ. ಅಂದರೆ ದೇಶಕ್ಕಿಂತ ಕ್ಲಬ್ ಮೂರು ವರ್ಷ ದೊಡ್ಡದು.

ಆಗಿನ ಅಲ್ ಐನ್ ಇಂದಿನಂತಿರಲಿಲ್ಲ. ಅಬೂಧಾಬಿಯಿಂದ ತೈಲ ರಫ್ತು ಆರಂಭವಾದದ್ದೇ 1962ರಲ್ಲಿ. ಈ ಊರಿನಲ್ಲಿ ಎರಡು ದಶಕ ಆಡಳಿತ ನೋಡಿಕೊಂಡಿದ್ದ ಶೇಖ್ ಝಾಯಿದ್ 1966ರಲ್ಲಿ ಅಬೂಧಾಬಿಯ ಆಡಳಿತಗಾರರಾದರು. ಅದೇ ಹೊತ್ತಿಗೆ ಶಾಲೆ, ರಸ್ತೆ, ಆಸ್ಪತ್ರೆಗಳ ಕೆಲಸ ಚುರುಕಾಯಿತು. ಕೆಲಸ ಇದ್ದಲ್ಲಿಗೆ ಜನ ಬಂದರು. ಹಾಗೆ ಬಂದವರಲ್ಲಿ ಸುಡಾನಿಗಳಿದ್ದರು. ಓದಿಗೆಂದು ಬಂದ ಬಹ್ರೈನಿನ ವಿದ್ಯಾರ್ಥಿಗಳೂ ಇದ್ದರು. ಈ ಇಬ್ಬರೂ ಸ್ಥಳೀಯ ಹುಡುಗರೊಂದಿಗೆ ಸೇರಿಕೊಂಡು ತಂಡ ಕಟ್ಟಿದರು, ತಾವೇ ಮೈದಾನ ಸಿದ್ಧಪಡಿಸಿಕೊಂಡು ಆಡಿದರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂದು ಗಲ್ಫ್‌ನ ಕ್ಲಬ್ ಎಂದ ಕೂಡಲೇ ಕೋಟಿಗಟ್ಟಲೆ ಹಣ, ಯುರೋಪಿನಿಂದ ಕರೆಸಿದ ತಾರೆ, ಗಾಜಿನ ಗೋಡೆಗಳ ಕ್ರೀಡಾಂಗಣ ಕಣ್ಣಿಗೆ ಬರುತ್ತವೆ. ಅಲ್ ಐನ್‌ನ ಮೊದಲ ಪುಟದಲ್ಲಿ ಅವು ಯಾವುವೂ ಇಲ್ಲ. ಕೆಲಸ ಮುಗಿಸಿ ಸಂಜೆ ಚೆಂಡು ಹಿಡಿದ ಪರದೇಶಿಗಳು ಮತ್ತು ಅವರನ್ನು ಜೊತೆಗೆ ಸೇರಿಸಿಕೊಂಡ ಊರಿನ ಯುವಕರು ಇದ್ದಾರೆ, ಅಷ್ಟೇ.

ಕೆಲವೇ ವರ್ಷಗಳಲ್ಲಿ ಒಡಕೂ ಬಂತು. ಒಂದು ಗುಂಪು ಹೊರನಡೆದು ಅಲ್ ತದಾಮುನ್ ಎಂಬ ಬೇರೆ ಕ್ಲಬ್ ಕಟ್ಟಿತು. ತದಾಮುನ್ ಎಂದರೆ ಒಗ್ಗಟ್ಟು. ಒಡೆದು ಹೋದವರು ಇಟ್ಟುಕೊಂಡ ಹೆಸರು ಅದು! ಒಂದೇ ಊರಿನಲ್ಲಿ ಎರಡು ತಂಡಗಳಾದರೆ ಎರಡೂ ದುರ್ಬಲ ಎಂಬುದು ಬೇಗ ಮನವರಿಕೆಯಾಯಿತು. 1974ರಲ್ಲಿ ಇಬ್ಬರೂ ಮತ್ತೆ ಒಂದಾದರು. ಒಂದಾದ ಮೂರನೇ ವರ್ಷಕ್ಕೆ, 1977ರಲ್ಲಿ, ಮೊದಲ ಲೀಗ್ ಪ್ರಶಸ್ತಿ ಬಂತು. ಇಂದು ಆ ತಂಡದ ಗುರುತಾಗಿರುವ ನೇರಳೆ ಅಂಗಿಯೂ ಆ ಕಾಲದ್ದೇ. ಬೆಲ್ಜಿಯಮ್‌ನ ಆಂಡರ್ಲೆಕ್ಟ್ ತಂಡದ ಬಣ್ಣ ನೋಡಿ ಮೆಚ್ಚಿ ತಮ್ಮದಾಗಿಸಿಕೊಂಡರು. ಬಣ್ಣವೂ ಹೊರಗಿನಿಂದ ಬಂದದ್ದೇ.

ಅಬ್ದುಲ್ ಕರೀಂ ಆದ ಬ್ರೂನೊ ಮೆಟ್ಸು

1984ರಲ್ಲಿ ಮೂರನೇ ಲೀಗ್ ಗೆದ್ದ ಬಳಿಕ ಒಂಬತ್ತು ವರ್ಷ ಬರಗಾಲ. 1993ರಲ್ಲಿ ಮತ್ತೆ ಪ್ರಶಸ್ತಿ ಬಂತು. 2002ರಿಂದ 2004ರವರೆಗೆ ಸತತ ಮೂರು ವರ್ಷ ಲೀಗ್ ಅಲ್ ಐನ್‌ನದಾಯಿತು. ಅದೇ ಅವಧಿಯಲ್ಲಿ ಕ್ಲಬ್‌ಗೆ ಬಂದವರು ಫ್ರಾನ್ಸಿನ ಬ್ರೂನೊ ಮೆಟ್ಸು.

2002ರ ವಿಶ್ವಕಪ್ ನೋಡಿದವರಿಗೆ ಮೆಟ್ಸು ನೆನಪಿರಬಹುದು. ಉದ್ದ ಕೂದಲಿನ ಈ ತರಬೇತುದಾರ ಸೆನೆಗಲ್ ತಂಡವನ್ನು ಕಟ್ಟಿ, ಮೊದಲ ಪಂದ್ಯದಲ್ಲೇ ಆಗಿನ ವಿಶ್ವ ಚಾಂಪಿಯನ್ ಫ್ರಾನ್ಸನ್ನು ಮಣಿಸಿ, ಕ್ವಾರ್ಟರ್ ಫೈನಲ್‌ವರೆಗೆ ಕೊಂಡೊಯ್ದಿದ್ದರು. ಅವರು ಇಸ್ಲಾಂ ಸ್ವೀಕರಿಸಿ ಅಬ್ದುಲ್ ಕರೀಂ ಎಂಬ ಹೆಸರು ಪಡೆದಿದ್ದರು. ವಿಶ್ವಕಪ್ ಮುಗಿಸಿ ಅಲ್ ಐನ್‌ಗೆ ಬಂದ ಅವರು ಮರುವರ್ಷವೇ ಊರಿನ ಚರಿತ್ರೆ ಬದಲಿಸಿದರು.

ಏಷ್ಯಾದ ಕ್ಲಬ್‌ಗಳ ದೊಡ್ಡ ಪಂದ್ಯಾವಳಿ ‘ಚಾಂಪಿಯನ್ಸ್ ಲೀಗ್’ ಎಂಬ ಹೊಸ ಹೆಸರಿನಲ್ಲಿ ನಡೆದ ಮೊದಲ ವರ್ಷ ಅದು. 2003ರ ಅಕ್ಟೋಬರ್‌ನ ಫೈನಲ್‌ನಲ್ಲಿ ಎದುರಾಳಿ ಥಾಯ್ಲೆಂಡ್‌ನ ಬಿಇಸಿ ತೆರೊ ಸಾಸನ. ತವರಿನಲ್ಲಿ ಅಲ್ ಐನ್ 2–0ರಿಂದ ಗೆದ್ದಿತು, ಬ್ಯಾಂಕಾಕ್‌ನಲ್ಲಿ 0–1ರಿಂದ ಸೋತಿತು. ಒಟ್ಟು ಲೆಕ್ಕದಲ್ಲಿ ಒಂದು ಗೋಲಿನ ಮೇಲುಗೈ. ಯುಎಇಯ ಕ್ಲಬ್ಬೊಂದು ಏಷ್ಯಾದ ಚಾಂಪಿಯನ್ ಆದದ್ದು ಅದೇ ಮೊದಲು.

ಮುಂದಿನ ವರ್ಷ ಮೆಟ್ಸು ಅಲ್ ಐನ್ ಬಿಟ್ಟು ಕತಾರ್‌ಗೆ ಹೋದರು. ನಂತರ ಯುಎಇ ರಾಷ್ಟ್ರೀಯ ತಂಡದ ಹೊಣೆ ಹೊತ್ತು 2007ರ ಗಲ್ಫ್ ಕಪ್ ಗೆದ್ದುಕೊಟ್ಟರು. 2013ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ಫ್ರಾನ್ಸಿನಲ್ಲಿ ತೀರಿಕೊಂಡರು. ಅವರ ದಫನ ನಡೆದದ್ದು ಸೆನೆಗಲ್‌ನ ಡಾಕರ್‌ನಲ್ಲಿ. ಹುಟ್ಟಿದ್ದು ಒಂದು ದೇಶ, ಹೆಸರು ಗಳಿಸಿದ್ದು ಇನ್ನೊಂದರಲ್ಲಿ, ಕಿರೀಟ ಕೊಟ್ಟದ್ದು ಮತ್ತೊಂದಕ್ಕೆ.

ಏಳು ಬೀಳುಗಳ ಎರಡು ದಶಕ

ಮೆಟ್ಸು ಹೋದ ಬಳಿಕ ಅದೃಷ್ಟ ತಿರುಗಿತು. 2005ರ ಏಷ್ಯಾ ಫೈನಲ್‌ನಲ್ಲಿ ಜಿದ್ದಾದ ಅಲ್ ಇತ್ತಿಹಾದ್ ತಂಡ ಒಟ್ಟು 5–3ರಿಂದ ಸೋಲಿಸಿತು. ಲೀಗ್ ಪ್ರಶಸ್ತಿಗೆ 2012ರವರೆಗೆ ಕಾಯಬೇಕಾಯಿತು. 2010–11ರಲ್ಲಂತೂ ತಂಡ ಪಟ್ಟಿಯ ಕೆಳಭಾಗದಲ್ಲಿ ಒದ್ದಾಡಿತು. ಮರುವರ್ಷ ಇಂಗ್ಲೆಂಡಿನಿಂದ ಬಂದ ಘಾನಾದ ಅಸಮೋವಾ ಜ್ಯಾನ್ ಗೋಲುಗಳ ಮಳೆಗರೆದರು. ಸತತ ಮೂರು ಋತುಗಳಲ್ಲಿ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಅವರದೇ. ತಂಡ ತಳದಿಂದ ಮತ್ತೆ ಮೇಲಕ್ಕೆ ಬಂತು.

ಅದೇ ಹೊತ್ತಿಗೆ ಅಲ್ ಐನ್‌ನಲ್ಲಿ ಬೆಳೆದವನು ಉಮರ್ ಅಬ್ದುರ್ರಹ್ಮಾನ್, ಜನ ಪ್ರೀತಿಯಿಂದ ಕರೆದದ್ದು ‘ಅಮೂರಿ’. ಯಮನ್ ಮೂಲದ ಕುಟುಂಬದಲ್ಲಿ, ಸೌದಿಯ ರಿಯಾದ್‌ನಲ್ಲಿ ಹುಟ್ಟಿದ ಹುಡುಗ. ಅಲ್ ಐನ್‌ಗೆ ಬಂದ ಮೇಲೆ ಯುಎಇಯ ಪೌರತ್ವ ದೊರೆಯಿತು. ಗುಂಗುರು ಕೂದಲಿನ, ಎಡಗಾಲಿನ ಈ ಆಟಗಾರ 2016ರಲ್ಲಿ ಏಷ್ಯಾದ ವರ್ಷದ ಶ್ರೇಷ್ಠ ಆಟಗಾರನಾದ. ಅದೇ ವರ್ಷ ಕ್ರೊಯೇಷಿಯಾದ ಝ್ಲಾಟ್ಕೊ ದಾಲಿಚ್ ಅವರ ತರಬೇತಿಯಲ್ಲಿ ತಂಡ ಮತ್ತೆ ಏಷ್ಯಾದ ಫೈನಲ್ ತಲುಪಿತು. ಕೊರಿಯಾದಲ್ಲಿ ಜಿಯೊನ್‌ಬುಕ್ ವಿರುದ್ಧ 1–2 ಸೋಲು, ತವರಿನಲ್ಲಿ 1–1 ಸಮ. ತವರಿನ ಪಂದ್ಯದಲ್ಲಿ ಸಿಕ್ಕ ಪೆನಾಲ್ಟಿಯೊಂದು ಗೋಲಾಗದೆ ವ್ಯರ್ಥವಾಯಿತು. ಕಪ್ ಕೈತಪ್ಪಿತು. 2017ರಲ್ಲಿ ಅಲ್ ಐನ್‌ನಿಂದ ಹೊರಟ ದಾಲಿಚ್, ಮರುವರ್ಷ ತಮ್ಮ ದೇಶವನ್ನು ವಿಶ್ವಕಪ್ ಫೈನಲ್‌ಗೆ ಒಯ್ದರು.

2018ರಲ್ಲಿ ಅಮೂರಿಯೂ ಸೌದಿಯ ಅಲ್ ಹಿಲಾಲ್‌ಗೆ ಹೋದ. ಕೆಲವೇ ವಾರಗಳಲ್ಲಿ ಮೊಣಕಾಲಿಗೆ ದೊಡ್ಡ ಪೆಟ್ಟು ಬಿತ್ತು. ಅವನಿಲ್ಲದ ಅಲ್ ಐನ್‌ನಿಂದ ಯಾರೂ ಹೆಚ್ಚೇನನ್ನೂ ನಿರೀಕ್ಷಿಸಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಯುಎಇಯಲ್ಲೇ ನಡೆದ ಕ್ಲಬ್ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ನ್ಯೂಜಿಲೆಂಡ್‌ನ ಟೀಮ್ ವೆಲಿಂಗ್ಟನ್ ಎದುರು 0–3 ಹಿಂದೆ ಬಿದ್ದ ತಂಡ, 3–3 ಸಮ ಮಾಡಿ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ನಂತರ ಆಫ್ರಿಕಾದ ಚಾಂಪಿಯನ್ ಎಸ್ಪೆರಾನ್ಸ್ ವಿರುದ್ಧ 3–0. ಸೆಮಿಫೈನಲ್‌ನಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ರಿವರ್ ಪ್ಲೇಟ್ ವಿರುದ್ಧ 2–2, ಮತ್ತೆ ಪೆನಾಲ್ಟಿ. ಕೊನೆಯ ಹೊಡೆತವನ್ನು ಗೋಲ್‌ಕೀಪರ್ ಖಾಲಿದ್ ಈಸಾ ತಡೆದಾಗ ಗೆಲುವು ಅಲ್ ಐನ್‌ನದಾಯಿತು. ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ 4–1ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವನು ಜಪಾನಿನ ಶಿಯೊತಾನಿ.

ಆ ದಿನಗಳಲ್ಲೇ ಯುಎಇ ತನ್ನ ಕ್ರೀಡಾ ನಿಯಮದಲ್ಲಿ ಒಂದು ಬದಲಾವಣೆ ತಂದಿತು. ಪೌರತ್ವ ಇಲ್ಲದಿದ್ದರೂ ಅಲ್ಲೇ ಹುಟ್ಟಿದ ವಲಸಿಗರ ಮಕ್ಕಳು ದೇಶದ ಅಧಿಕೃತ ಪಂದ್ಯಾವಳಿಗಳಲ್ಲಿ ಆಡಲು ಅವಕಾಶ ದೊರೆಯಿತು. ಅಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಓದಿ, ಆದರೂ ‘ಪರದೇಶಿ’ ಎನಿಸಿಕೊಂಡ ಮಕ್ಕಳಿರುವ ಮನೆಗಳು ನಮ್ಮಲ್ಲೂ ಇವೆ. ಆ ಬದಲಾವಣೆಯ ತೂಕ ಅಂಥ ಮನೆಗಳಿಗೆ ಹೆಚ್ಚು ಗೊತ್ತು.

ಪ್ರವಾಹದ ಮರುದಿನ

2024ರ ಏಪ್ರಿಲ್ 16ನ್ನು ಯುಎಇಯಲ್ಲಿದ್ದವರು ಮರೆಯಲಾರರು. ದಾಖಲೆಯ ಮಳೆ ಸುರಿಯಿತು. ರಸ್ತೆಗಳು ಹೊಳೆಯಾದವು, ವಿಮಾನಗಳು ನಿಂತವು, ನಮ್ಮ ಎಷ್ಟೋ ಮನೆಗಳಲ್ಲಿ ರಾತ್ರಿಯೆಲ್ಲ ಫೋನ್ ಹಿಡಿದು ಕಾದರು. ಅಲ್ ಐನ್ ಸೀಮೆಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ ಸುಮಾರು 254 ಮಿಲಿಮೀಟರ್ ಮಳೆ ದಾಖಲಾಯಿತು. ಆ ಸಂಜೆ ನಡೆಯಬೇಕಿದ್ದ ಏಷ್ಯಾ ಸೆಮಿಫೈನಲ್ ಒಂದು ದಿನ ಮುಂದೂಡಲ್ಪಟ್ಟಿತು.

ಎದುರಾಳಿ ಅಲ್ ಹಿಲಾಲ್. ಸತತ 34 ಪಂದ್ಯ ಗೆದ್ದು ವಿಶ್ವದಾಖಲೆ ಮಾಡಿದ್ದ ತಂಡ. ಅದಕ್ಕೂ ಮುನ್ನ ಕ್ವಾರ್ಟರ್ ಫೈನಲ್‌ನಲ್ಲಿ ರೊನಾಲ್ಡೊ ಆಡುತ್ತಿದ್ದ ಅಲ್ ನಸ್ರ್ ತಂಡವನ್ನು ಅಲ್ ಐನ್ ಪೆನಾಲ್ಟಿಯಲ್ಲಿ ಹೊರದಬ್ಬಿತ್ತು. ಆದರೆ ಅಲ್ ಹಿಲಾಲ್ ಬೇರೆಯೇ ಲೆಕ್ಕ ಎಂದುಕೊಂಡವರೇ ಹೆಚ್ಚು. ಮಳೆ ನಿಂತ ಮರುದಿನ ಮೊರಾಕೊದ ಸುಫಿಯಾನ್ ರಹೀಮಿ ಮೊದಲಾರ್ಧದಲ್ಲೇ ಮೂರು ಗೋಲು ಹೊಡೆದ. ಅಲ್ ಐನ್ 4–2ರಿಂದ ಗೆದ್ದಿತು. ರಿಯಾದ್‌ನಲ್ಲಿ 1–2ರಿಂದ ಸೋತರೂ ಫೈನಲ್ ಸೇರಿತು.

ರಹೀಮಿ ಕಾಸಾಬ್ಲಾಂಕಾದ ರಜಾ ಕ್ಲಬ್‌ನಲ್ಲಿ ಬೆಳೆದವನು. ಅವನ ತಂದೆ ಅದೇ ಕ್ಲಬ್‌ನಲ್ಲಿ ಆಟಗಾರರ ಉಡುಪು, ಸಾಮಗ್ರಿ ನೋಡಿಕೊಳ್ಳುವ ಕೆಲಸದವರು. ಇತರರ ಅಂಗಿ ಜೋಡಿಸಿಡುವ ಮನುಷ್ಯನ ಮಗ ಆ ವರ್ಷ ಏಷ್ಯಾ ಪಂದ್ಯಾವಳಿಯಲ್ಲಿ 13 ಗೋಲು ಹೊಡೆದು ಶ್ರೇಷ್ಠ ಆಟಗಾರ ಎನಿಸಿಕೊಂಡ.

ಫೈನಲ್‌ನ ಮೊದಲ ಪಂದ್ಯದಲ್ಲಿ ಜಪಾನಿನ ಯೊಕೊಹಾಮಾ ಎಫ್. ಮರಿನೋಸ್ 2–1ರಿಂದ ಗೆದ್ದಿತ್ತು. ಮೇ 25ರಂದು ಮರುಪಂದ್ಯ, ಹಝಾ ಬಿನ್ ಝಾಯಿದ್ ಕ್ರೀಡಾಂಗಣದಲ್ಲಿ. ಖರ್ಜೂರದ ಮರದ ಕಾಂಡದ ವಿನ್ಯಾಸ ಹೊತ್ತ, ಸುಮಾರು 25,000 ಜನ ಹಿಡಿಸುವ ಆ ಮೈದಾನದಲ್ಲಿ ಅಲ್ ಐನ್ 5–1ರಿಂದ ಗೆದ್ದಿತು. 21 ವರ್ಷಗಳ ಬಳಿಕ ಎರಡನೇ ಕಿರೀಟ. ತರಬೇತುದಾರ ಅರ್ಜೆಂಟೀನಾದ ಎರ್ನಾನ್ ಕ್ರೆಸ್ಪೊ.

ಕಿರೀಟದ ಮರುವರ್ಷ

ಆ ಕಿರೀಟದ ಬಿಸಿ ಆರುವ ಮೊದಲೇ ಕುಸಿತ ಶುರುವಾಯಿತು. ಅಕ್ಟೋಬರ್‌ನಲ್ಲಿ ಕೈರೊದಲ್ಲಿ ಅಲ್ ಅಹ್ಲಿ ವಿರುದ್ಧ 0–3. ನವೆಂಬರ್‌ನಲ್ಲಿ ಅಲ್ ನಸ್ರ್ ವಿರುದ್ಧ 1–5. ಕಪ್ ಎತ್ತಿ ಆರು ತಿಂಗಳು ತುಂಬುವ ಮೊದಲೇ ಕ್ರೆಸ್ಪೊ ಅವರನ್ನು ಕ್ಲಬ್ ಬಿಡುಗಡೆ ಮಾಡಿತು. ಏಷ್ಯಾದ ಚಾಂಪಿಯನ್ ತಂಡ ಆ ಸಲದ ಏಷ್ಯಾ ಪಂದ್ಯಾವಳಿಯಲ್ಲಿ ಒಂದೂ ಗೆಲುವು ಕಾಣದೆ ಮೊದಲ ಹಂತದಲ್ಲೇ ಹೊರಬಿತ್ತು. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲಿ ಯುವೆಂಟಸ್ ವಿರುದ್ಧ 0–5, ಮ್ಯಾಂಚೆಸ್ಟರ್ ಸಿಟಿ ವಿರುದ್ಧ 0–6.

ಫುಟ್ಬಾಲ್ ತರಬೇತುದಾರನ ಗಳಿಕೆ ನಮ್ಮವರ ಗಳಿಕೆಗೆ ಹೋಲಿಕೆಯಲ್ಲ. ಆದರೂ ಕರಾರು ಎಂಬುದರ ಸ್ವಭಾವ ಒಂದೇ. ನಿನ್ನೆಯ ಸಾಧನೆ ನಾಳಿನ ಕೆಲಸಕ್ಕೆ ಭರವಸೆಯಲ್ಲ. ಇಪ್ಪತ್ತು, ಮೂವತ್ತು ವರ್ಷ ಗಲ್ಫ್‌ನಲ್ಲಿ ದುಡಿದು, ವೀಸಾ ಮುಗಿದ ದಿನ ಎರಡು ಪೆಟ್ಟಿಗೆ ಕಟ್ಟಿಕೊಂಡು ಮಂಗಳೂರಿಗೋ ಭಟ್ಕಳಕ್ಕೋ ಮರಳಿದವರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ. ಅಲ್ಲಿ ಅವರ ಹೆಸರಿನಲ್ಲಿ ಏನೂ ಉಳಿದಿರುವುದಿಲ್ಲ. ಆದರೆ ಅವರು ಹಾಕಿದ ರಸ್ತೆ, ನಡೆಸಿದ ಅಂಗಡಿ, ಕಲಿಸಿದ ಪಾಠ ಅಲ್ಲೇ ಇರುತ್ತದೆ. 1968ರ ಸುಡಾನಿಗಳಲ್ಲಿ ಎಷ್ಟು ಮಂದಿಯ ಹೆಸರು ಇಂದಿನ ಅಭಿಮಾನಿಗಳಿಗೆ ಗೊತ್ತಿದ್ದೀತು? ಆದರೂ ಕ್ಲಬ್ಬಿನ ಚರಿತ್ರೆ ಬರೆಯುವವರು ಯಾರೇ ಆಗಲಿ, ಮೊದಲ ಸಾಲಿನಲ್ಲಿ ಅವರನ್ನು ಸೇರಿಸದೆ ಮುಂದೆ ಹೋಗುವಂತಿಲ್ಲ.

2022ರ ಹೊತ್ತಿಗೆ 14 ಲೀಗ್ ಪ್ರಶಸ್ತಿ, ಎರಡು ಸಲ ಏಷ್ಯಾದ ಕಿರೀಟ: ಇದು ಅಲ್ ಐನ್‌ನ ಲೆಕ್ಕದ ಪುಸ್ತಕ. ಅದನ್ನು ತುಂಬಿದವರಲ್ಲಿ ಖಾಲಿದ್ ಈಸಾನಂತಹ ಎಮಿರಾತಿಗಳಿದ್ದಾರೆ. 2016ರ ಸೋಲು, 2018ರ ಶೂಟೌಟ್, 2024ರ ಗೆಲುವು ಮೂರರಲ್ಲೂ ಗೋಲುಕಂಬದ ಮುಂದೆ ನಿಂತವನು ಅವನು. ಜೊತೆಗೆ ಬಂದು ಹೋದವರ ದೊಡ್ಡ ಸಾಲಿದೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಲೆಕ್ಕ ಪೂರ್ತಿಯಾಗದು.

ಅಮೆರಿಕದಲ್ಲಿ ಎರಡು ಪಂದ್ಯಗಳಲ್ಲಿ 11 ಗೋಲು ತಿಂದ ಮೇಲೆ ಅಲ್ ಐನ್‌ಗೆ ಇನ್ನೊಂದು ಪಂದ್ಯ ಬಾಕಿಯಿತ್ತು. ಗೆದ್ದರೂ ಮುಂದಿನ ಹಂತ ಇರಲಿಲ್ಲ. ಮೊರಾಕೊದ ವಿದಾದ್ ತಂಡ ನಾಲ್ಕೇ ನಿಮಿಷದಲ್ಲಿ ಮೊದಲ ಗೋಲು ಹೊಡೆಯಿತು. ಟೋಗೊದ ಲಾಬಾ ಪೆನಾಲ್ಟಿಯಲ್ಲಿ ಸಮ ಮಾಡಿದ. ಅರ್ಜೆಂಟೀನಾದಲ್ಲಿ ಹುಟ್ಟಿ ಪರಾಗ್ವೆಗೆ ಆಡುವ ಕಾಕು ಎರಡನೆಯದನ್ನು ಹೊಡೆದ. 2–1. ಏನೂ ಸಿಗದ ಪಂದ್ಯವನ್ನೂ ಆ ದಿನ ಅವರು ಬಿಟ್ಟುಕೊಡಲಿಲ್ಲ.