ಕೂಪರೇಜ್‌ನಲ್ಲಿ ಗೆದ್ದ ನಮ್ಮ ಹುಡುಗರು

ಫುಟ್‌ಬಾಲ್ ಅಂದ ಕೂಡಲೇ ನಮ್ಮವರ ತಲೆ ಕಲ್ಕತ್ತೆ, ಗೋವಾ, ಕೇರಳದ ಕಡೆ ಓಡುತ್ತದೆ. ಬೆಂಗಳೂರು ಅಂತ ಯಾರೂ ಅನ್ನುವುದಿಲ್ಲ. ಇಲ್ಲಿ ಡೊಂಬಿವಲಿಯಲ್ಲಿ ಮಳೆಗಾಲದ ಕೆಸರಿನಲ್ಲಿ ಚೆಂಡು ಒದೆಯುವ ನಮ್ಮ ಮಕ್ಕಳಿಗೆ ಮೆಸ್ಸಿ ಗೊತ್ತು, ರೊನಾಲ್ಡೊ ಗೊತ್ತು. ಅಹಮದ್ ಖಾನ್ ಯಾರು ಅಂತ ಕೇಳಿ ನೋಡಿ, ಮಕ್ಕಳಿರಲಿ, ಅಪ್ಪಂದಿರೇ ತಲೆ ಕೆರೆದುಕೊಳ್ಳುತ್ತಾರೆ.

ನಾವು ದಿನಾ ಜೋತುಬಿದ್ದು ಹೋಗುವ ಲೋಕಲ್ ಕೊನೆಗೆ ನಿಲ್ಲುವುದು ಸಿಎಸ್‌ಟಿಯಲ್ಲಿ ತಾನೇ? ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಕೂಪರೇಜ್ ಮೈದಾನ ಇದೆ. ರೋವರ್ಸ್ ಕಪ್ ಎಂದರೆ ಕೂಪರೇಜ್ ಅನ್ನುವ ಕಾಲವೊಂದಿತ್ತು. 1891ರಲ್ಲಿ ಶುರುವಾದ ಈ ಪಂದ್ಯಾವಳಿಯನ್ನು ದಶಕಗಳ ಕಾಲ ಬ್ರಿಟಿಷ್ ಪಲ್ಟನ್ನುಗಳೇ ಗೆದ್ದುಕೊಂಡು ಹೋಗುತ್ತಿದ್ದವು. ಆ ಸಾಲನ್ನು ಮುರಿದ ಮೊದಲ ಭಾರತೀಯ ತಂಡ ಯಾವುದು ಗೊತ್ತೇ? ಮೋಹನ್ ಬಗಾನ್ ಅಲ್ಲ, ಮುಂಬಯಿಯ ಯಾವ ತಂಡವೂ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್! ಫೈನಲ್‌ನಲ್ಲಿ ಸೋತದ್ದು ಆ ಕಾಲದ ಹುಲಿಗಳಾದ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1948ರಲ್ಲಿ ಮತ್ತೊಮ್ಮೆ.

ಬೆಂಗಳೂರಿಗೆ ಈ ಆಟದ ಹುಚ್ಚು ಹಿಡಿದದ್ದು ದಂಡು ಪ್ರದೇಶದಿಂದ. ಕಂಟೋನ್ಮೆಂಟಿನ ಗೋರಾ ಸೈನಿಕರು ಆಡುತ್ತಿದ್ದುದನ್ನು ನೋಡಿ ನೋಡಿ ಹಲಸೂರಿನ ಸುತ್ತಮುತ್ತಲಿನ ಹುಡುಗರು ಕಲಿತರು. ಬೂಟಿಗೆ ದುಡ್ಡೆಲ್ಲಿ? ಬರಿಗಾಲಲ್ಲೇ ಆಟ. ಇವರಲ್ಲಿ ಬಹಳಷ್ಟು ಜನರ ಮನೆಮಾತು ತಮಿಳು ಅಥವಾ ಉರ್ದು. ಅದಕ್ಕೇ ಏನೋ, 'ನಮ್ಮವರು' ಅನ್ನಲು ನಾವು ಸ್ವಲ್ಪ ತಡವರಿಸಿದೆವು. ಆದರೆ ಮರಾಠಿ ಊರಿನಲ್ಲಿ ಕನ್ನಡ ಮಾತಾಡಿಕೊಂಡು 'ಇದು ನಮ್ಮೂರು' ಅನ್ನುವ ನಾವು ಅವರನ್ನು ಹೊರಗಿಡುವುದು ಯಾವ ನ್ಯಾಯ, ನೀವೇ ಹೇಳಿ.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ತಂಡದಲ್ಲಿ ಬೆಂಗಳೂರಿನವರೇ ಹಲವರಿದ್ದರು. ರಾಮನ್, ಅಹಮದ್ ಖಾನ್, ಧನರಾಜ್, ವಜ್ರವೇಲು... ಜುಲೈ 31ರಂದು ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದಿದ್ದರು. ಸಿಕ್ಕ ಎರಡು ಪೆನಾಲ್ಟಿಗಳೂ ಗೋಲಾಗಲಿಲ್ಲ, 2-1ರಿಂದ ಸೋತೆವು. ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ನಮಗೆ ಹತ್ತು ಗೋಲು ಬಡಿಯಿತು. ನಮ್ಮ ಒಂದೇ ಗೋಲು ಅಹಮದ್ ಖಾನ್ ಅವರದು. ಅದಕ್ಕೂ ಮೊದಲು, 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಅಂದ ಹಾಗೆ, ಇವರೂ ನಮ್ಮ ಹಾಗೆ ವಲಸೆಗಾರರೇ. ನಮ್ಮ ಕಡೆಯ ಹುಡುಗರು ಹೋಟೆಲ್ ಕೆಲಸ ಅರಸಿ ಮುಂಬಯಿಗೆ ಬಂದ ಹಾಗೆ, ಅವರು ಕಾಲನ್ನೇ ನಂಬಿಕೊಂಡು ಕಲ್ಕತ್ತೆಗೆ ಹೋದರು. ಅಹಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲಿನ 'ಪಂಚ ಪಾಂಡವ'ರಲ್ಲಿ ಇಬ್ಬರು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ಆಡಿದ ಕೆಂಪಯ್ಯನವರ ಮನೆಮಾತಾದದ್ದು ಮೋಹನ್ ಬಗಾನ್ ಹೆಸರು. ಬಂಗಾಳ ಇವರನ್ನು ಹೆಗಲ ಮೇಲೆ ಹೊತ್ತಿತು. ಊರು?

ಈಗ ಇನ್ನೊಂದು ಮಾತು. 2015ರ ಅಕ್ಟೋಬರ್‌ನಲ್ಲಿ ಪೆಲೆ ದಿಲ್ಲಿಗೆ ಬಂದು ಶಾಲಾ ಮಕ್ಕಳ ಸುಬ್ರೊತೊ ಕಪ್ ಫೈನಲ್ ನೋಡಿದರು. ಎಪ್ಪತ್ತೈದರ ಹೊಸ್ತಿಲಲ್ಲಿದ್ದ ಮುದುಕ ಮೈದಾನದಲ್ಲಿ ಕೈಬೀಸಿದ್ದಕ್ಕೇ ದಿಲ್ಲಿ ಕುಣಿಯಿತು. ಒಳ್ಳೆಯದೇ. ಆ ಮಕ್ಕಳು ಜನ್ಮಪೂರ್ತಿ ಹೇಳಿಕೊಳ್ಳುವ ಸಂಗತಿ ಅದು. ಬೆಂಗಳೂರಿನ ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ. ಜನ ಅದನ್ನು ಮಿನಿ ಬ್ರೆಜಿಲ್ ಅನ್ನುತ್ತಾರೆ. ಆದರೆ ಗೌತಮಪುರದ ನಿಜವಾದ ಆಸ್ತಿ ಪ್ರತಿಮೆ ಅಲ್ಲ. ಆಡಿ ನಿವೃತ್ತರಾದವರು ಅದೇ ಮೈದಾನಕ್ಕೆ ಮರಳಿ ಬಂದು ಗಲ್ಲಿಯ ಹುಡುಗರಿಗೆ ಕಲಿಸುತ್ತಾರಲ್ಲ, ಅದು. ಫೋಟೋ ಇಲ್ಲ, ಹಾರ ಇಲ್ಲ. ಕಾಲನ್ನು ಹೀಗಿಡು, ತಲೆ ಎತ್ತಿ ನೋಡು, ಅಷ್ಟೇ.

2017ರ ಆಗಸ್ಟ್‌ನಲ್ಲಿ ಅಹಮದ್ ಖಾನ್ ತೀರಿಕೊಂಡರು. ವಯಸ್ಸು 90. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 9ರಂದು ದಿಲ್ಲಿಯಲ್ಲಿ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತ ಕೊಲಂಬಿಯಾ ವಿರುದ್ಧ ಆಡಿತು. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಒದ್ದ, ಮಣಿಪುರದ ಜೀಕ್ಸನ್ ಸಿಂಗ್ ತಲೆಕೊಟ್ಟ. ಫಿಫಾ ವಿಶ್ವಕಪ್ಪೊಂದರಲ್ಲಿ ಭಾರತದ ಮೊದಲ ಗೋಲು! ಸ್ಕೋರು ಮಾತ್ರ ಮತ್ತೆ ಅದೇ 2-1, ಸೋತವರು ನಾವೇ. ಅರವತ್ತೊಂಬತ್ತು ವರ್ಷದ ಅಂತರದಲ್ಲಿ ಎರಡು ಮೊದಲ ಗೋಲು, ಎರಡರಲ್ಲೂ ಬೆಂಗಳೂರಿನ ಕಾಲು.

ಆದರೆ ಸ್ಟಾಲಿನ್ ಪಳಗಿದ್ದು ಎಲ್ಲಿ? ಚಂಡೀಗಢದ ಅಕಾಡೆಮಿಯಲ್ಲಿ. ಈ ಹುಡುಗನೂ ಊರು ಬಿಟ್ಟೇ ಆಟಗಾರನಾಗಬೇಕಾಯಿತು. ನನಗೆ ಚುಚ್ಚುವುದು ಇದೇ. ಸಂತೋಷ್ ಟ್ರೋಫಿಯನ್ನು 1946ರಿಂದ 1969ರೊಳಗೆ ನಾಲ್ಕು ಸಲ ಗೆದ್ದ ಮೈಸೂರು, ಕರ್ನಾಟಕ ಅಂತ ಹೆಸರಾದ ಮೇಲೆ ಮತ್ತೆ ಗೆಲ್ಲಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅದೂ ದೂರದ ರಿಯಾದ್‌ನಲ್ಲಿ! ನಡುವೆ ಐವತ್ನಾಲ್ಕು ವರ್ಷ. ಹಳಬರ ಕೈಯಿಂದ ಹೊಸಬರ ಕಾಲಿಗೆ ದಾಟಬೇಕಾದದ್ದು ಎಲ್ಲೋ ಮಧ್ಯೆ ನಿಂತುಹೋಗಿತ್ತು.

ನಮ್ಮ ಮುಂಬಯಿ, ಠಾಣೆ, ಕಲ್ಯಾಣದ ಕನ್ನಡ ಸಂಘಗಳು ವರ್ಷವರ್ಷ ಸಿನಿಮಾ ನಟರನ್ನು, ರಾಜಕಾರಣಿಗಳನ್ನು ಕರೆಸಿ ಶಾಲು ಹೊದೆಸುತ್ತವೆ. ಹೊದೆಸಲಿ ಬಿಡಿ. ಆದರೆ ಒಂದು ವರ್ಷ ಒಬ್ಬ ಹಳೆಯ ಫುಟ್‌ಬಾಲ್ ಆಟಗಾರನನ್ನು ಕರೆಸಿ ನೋಡೋಣವೇ? ವೇದಿಕೆಗೆ ಬೇಡ, ಮೈದಾನಕ್ಕೆ. ಶಾಲು ಬೇಡ, ಒಂದು ಚೆಂಡು ಸಾಕು. ನಮ್ಮ ಮಕ್ಕಳನ್ನು ಸುತ್ತ ನಿಲ್ಲಿಸಿದರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಏನಂತೀರಿ?