ಶುಲ್ಕ ಕೊಟ್ಟು ಹೊರಗಿಟ್ಟ ಕಥೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯರು ಮಕ್ಕಳ ಸ್ನಾತಕೋತ್ತರ ವ್ಯಾಸಂಗದ ಮಾತು ಬಂದಾಗ, ಹೊರರಾಜ್ಯದವರಿಗೆ ವಿಧಿಸುವ ದುಬಾರಿ ಶುಲ್ಕವನ್ನು ನೆನೆದು ನಿಟ್ಟುಸಿರಿಡುತ್ತಾರೆ. ಅಲ್ಲಿನ ದಕ್ಷಿಣದ ರಾಜ್ಯಗಳು 1974ರಲ್ಲಿ ‘ಅಕಾಡೆಮಿಕ್ ಕಾಮನ್ ಮಾರ್ಕೆಟ್’ ಆರಂಭಿಸಿದವು. ತನ್ನ ರಾಜ್ಯದಲ್ಲಿಲ್ಲದ ಕೋರ್ಸನ್ನು ಇನ್ನೊಂದು ಸದಸ್ಯರಾಜ್ಯದಲ್ಲಿ ಅಲ್ಲಿಯವರ ಶುಲ್ಕಕ್ಕೇ ಓದಬಹುದು. ಸ್ನಾತಕೋತ್ತರಕ್ಕೆ ಎಲ್ಲ ರಾಜ್ಯಗಳೂ ಒಪ್ಪಿಲ್ಲ, ವಿಚಾರಿಸಿ ನೋಡಿ.

ಒಳ್ಳೆಯ ಏರ್ಪಾಡೇ. ಆದರೆ ಹೊರರಾಜ್ಯದ ಓದಿಗೆ ಸರ್ಕಾರವೇ ನೆರವಾಗುವ ಪದ್ಧತಿಗೆ ಕಹಿಯಾದ ಪೂರ್ವಚರಿತ್ರೆಯೊಂದಿದೆ. ಮಿಸೌರಿ ವಿಶ್ವವಿದ್ಯಾಲಯವು 1936ರಲ್ಲಿ ಲಾಯ್ಡ್ ಗೇನ್ಸ್ ಎಂಬ ಕಪ್ಪು ಜನಾಂಗದ ಯುವಕನಿಗೆ ಕಾನೂನು ವ್ಯಾಸಂಗವನ್ನು ನಿರಾಕರಿಸಿತು; ನೆರೆರಾಜ್ಯದಲ್ಲಿ ಓದಿದರೆ ಶುಲ್ಕವನ್ನು ರಾಜ್ಯವೇ ಭರಿಸುವುದೆಂದಿತು. ದಾನದ ವೇಷ ತೊಟ್ಟ ಬಹಿಷ್ಕಾರವೆಂದೇ ನಾನು ಇದನ್ನು ಕರೆಯುತ್ತೇನೆ. 1938ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಮರುವರ್ಷ ಗೇನ್ಸ್ ಶಿಕಾಗೋದಲ್ಲಿ ಕಣ್ಮರೆಯಾದ; ಆಮೇಲೆ ಪತ್ತೆಯಾಗಲೇ ಇಲ್ಲ. ಅದೇ ವಿಶ್ವವಿದ್ಯಾಲಯ 2006ರಲ್ಲಿ ಅವನಿಗೆ ಗೌರವ ಕಾನೂನು ಪದವಿ ನೀಡಿತು.